ಗಾಳಿ ಕುಡಿದ ಕಾರು

ಪ್ರೀತಿಯ ಮೊಮ್ಮಕ್ಕಳೇ, ಕನ್ನಡಕ ಹುಡುಕಿಕೊಂಡು ಈ ಪುಟ ತೆರೆದಿರುವ ನನ್ನ ಓರಗೆಯ ಅಜ್ಜ-ಅಜ್ಜಿಯರೇ,

ಈ ವಾರ ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತೇನೆ. ಬೇರೆಯವರ ತಪ್ಪಿನ ಕಥೆ ಹೇಳುವುದು ಸುಲಭ, ನಮ್ಮದನ್ನು ಹೇಳುವಾಗ ಗಂಟಲು ಕಟ್ಟುತ್ತದೆ. ಆದರೆ ಈ ತಪ್ಪನ್ನು ನನ್ನ ಮೊಮ್ಮಗಳು ಕಣ್ಣಾರೆ ನೋಡಿದ್ದಾಳೆ. ನಾನು ಹೇಳದಿದ್ದರೆ ಅವಳೇ ಊರಿಗೆಲ್ಲ ಹೇಳಿಯಾಳು!

ನಮ್ಮ ಮನೆಯಲ್ಲಿ 1997ರ ಒಂದು ಮಾರುತಿ 800 ಇದೆ. ಬ್ಯಾಂಕಿನಲ್ಲಿ ಸಿಬ್ಬಂದಿಗೆ ಕೊಡುತ್ತಿದ್ದ ವಾಹನ ಸಾಲದಲ್ಲಿ ಕೊಂಡದ್ದು. ಕಂತು ತೀರಿದ ದಿನ ನಮ್ಮ ಮನೆಯವರು ಅದಕ್ಕೆ ನಿಂಬೆಹಣ್ಣು ಕಟ್ಟಿ, ಪಾಯಸ ಮಾಡಿದ್ದರು. ಈ ಕಾರಿನ ಮೊದಲ ಬೀಗದ ಕೈ ಗಿರಾಕಿಯ ಕೈಸೇರಿದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರಲ್ಲಿ. ಮೂರು ಸಿಲಿಂಡರು, 796 ಸಿಸಿ. ನಮ್ಮದು ಕಾರ್ಬುರೇಟರ್ ಇರುವ ಹಳೆಯ ಮಾದರಿ. ಅಂದರೆ ಗಾಳಿಗೆ ಪೆಟ್ರೋಲು ಬೆರೆಸುವ ಕೆಲಸವನ್ನು ಕಂಪ್ಯೂಟರ್ ಮಾಡುವುದಿಲ್ಲ, ಸಣ್ಣ ಸಣ್ಣ ತೂತುಗಳಿರುವ ಒಂದು ಲೋಹದ ಪಾತ್ರೆ ಮಾಡುತ್ತದೆ.

ಕಳೆದ ಬೇಸಿಗೆಯಲ್ಲಿ ಈ ಕಾರಿಗೆ ಒಂದು ಕಾಯಿಲೆ ಬಂತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಚೆನ್ನಾಗಿಯೇ ಇರುತ್ತಿತ್ತು. ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಮಾತ್ರ ಗಡಗಡ ನಡುಗುತ್ತಿತ್ತು. ಸ್ಟೀರಿಂಗು ಹಿಡಿದ ಕೈ ಅದುರುತ್ತಿತ್ತು, ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪ ಕುಣಿಯುತ್ತಿದ್ದ. ಆಮೇಲೆ ಪುಸಕ್ಕೆಂದು ಎಂಜಿನ್ನು ನಿಂತೇ ಹೋಗುತ್ತಿತ್ತು. ವೇಗವಾಗಿ ಓಡುವಾಗ ಏನೂ ತೊಂದರೆ ಇಲ್ಲ, ನಿಂತಾಗ ಮಾತ್ರ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಹೇಳುವುದಾದರೆ 'ಐಡ್ಲಿಂಗ್ ನಿಲ್ತಾ ಇಲ್ಲ'.

ಒಂದು ದಿನ ಮೈಸೂರಿನ ರಾಮಸ್ವಾಮಿ ಸರ್ಕಲ್ಲಿನಲ್ಲಿ ಹಸಿರು ದೀಪ ಬರುವ ಹೊತ್ತಿಗೆ ಸರಿಯಾಗಿ ನಿಂತುಬಿಟ್ಟಿತು. ಹಿಂದಿನವರು ಹಾರನ್ ಹೊಡೆದದ್ದೇ ಹೊಡೆದದ್ದು. ಪಕ್ಕದಲ್ಲಿ ಕೂತ ನಮ್ಮ ಮನೆಯವರು, "ರೀ, ಇನ್ನು ಈ ಕಾರಲ್ಲಿ ನಾನು ಬರಲ್ಲ" ಅಂದರು. ಸಂಜೆ ಬೆಂಗಳೂರಿನಿಂದ ಮಗ ಫೋನ್ ಮಾಡಿ, "ಅಪ್ಪ, ಅದನ್ನ ಗುಜರಿಗೆ ಹಾಕಿ. ಎಲ್ಲಿಗೆ ಹೋಗಬೇಕಾದ್ರೂ ಆಟೋ ಇದೆಯಲ್ಲ" ಅಂದ. ಅವನು ಒಳ್ಳೆಯದಕ್ಕೇ ಹೇಳಿದ್ದು. ಆದರೆ ನನ್ನ ವಯಸ್ಸಿನವರಿಗೆ ಗೊತ್ತು, ಕಾರಿನ ಬೀಗದ ಕೈ ಕೊಟ್ಟುಬಿಟ್ಟರೆ ಅದರ ಜೊತೆ ಇನ್ನೂ ಏನೋ ಹೋಗಿಬಿಡುತ್ತದೆ.

ಕಾರನ್ನು ನಮ್ಮ ಬೀದಿಯ ತುದಿಯ ಗ್ಯಾರೇಜಿಗೆ ಬಿಟ್ಟೆ. ಅಲ್ಲಿನ ಹುಡುಗ ಕಾರ್ಬುರೇಟರ್ ಬಿಚ್ಚಿ, ತೊಳೆದು, ಪ್ಲಗ್ಗುಗಳನ್ನು ಉಜ್ಜಿ, ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿ ತೋರಿಸಿದ. ಗಡಿಯಾರದ ಹಾಗೆ ಓಡಿತು. ಬಿಲ್ಲಿನಲ್ಲಿ 400 ರೂಪಾಯಿ ಬಾಕಿ ಉಳಿಸಿಕೊಂಡು, ಎರಡು ದಿನ ನೋಡಿ ಕೊಡುತ್ತೇನೆ ಅಂದೆ. ಹತ್ತೇ ನಿಮಿಷ! ಮೊದಲ ಸಿಗ್ನಲ್ಲಿನಲ್ಲಿಯೇ ಗಣಪ ಮತ್ತೆ ಕುಣಿಯತೊಡಗಿದ. ಸಿಟ್ಟಿನಲ್ಲಿ ಕಾರು ತಿರುಗಿಸಿಕೊಂಡು ಗ್ಯಾರೇಜಿಗೆ ಹೋದೆ. ನಾಲ್ಕು ಜನ ಗಿರಾಕಿಗಳ ಎದುರಿಗೇ, "ದುಡ್ಡು ತಗೊಳ್ಳೋದು ಕಲಿತಿದ್ದೀಯ, ಕೆಲಸ ಕಲಿತಿಲ್ಲ" ಅಂದುಬಿಟ್ಟೆ. ಹುಡುಗ ಏನೋ ಹೇಳಲು ಬಾಯಿ ತೆರೆದ. ನಾನು ಕೇಳಿಸಿಕೊಳ್ಳಲಿಲ್ಲ. ಬೇಸಿಗೆ ರಜಕ್ಕೆ ಬಂದಿದ್ದ ಮೊಮ್ಮಗಳು ಪುಟ್ಟಿ ಹಿಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಮನೆಗೆ ಬಂದವನು ನಾನೇ ಸ್ಕ್ರೂಡ್ರೈವರ್ ಹಿಡಿದು ಐಡ್ಲಿಂಗ್ ಸ್ಕ್ರೂವನ್ನು ಒಂದು ಸುತ್ತು ಏರಿಸಿದೆ. ನಡುಗುವುದು ಹೋಗಲಿಲ್ಲ, ಸದ್ದು ಮಾತ್ರ ಜಾಸ್ತಿಯಾಯಿತು.

ಇಲ್ಲಿ ಸ್ವಲ್ಪ ನಿಂತು, ಎಂಜಿನ್ನು ಹೇಗೆ ಉಸಿರಾಡುತ್ತದೆ ಅನ್ನುವುದನ್ನು ನೋಡೋಣ.

ನಮ್ಮ ಸುತ್ತಲಿನ ಗಾಳಿಗೆ ತೂಕವಿದೆ. ಸಮುದ್ರಮಟ್ಟದಲ್ಲಿ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ, ಅದು ಸುಮಾರು 1 ಕಿಲೋ ತೂಕ ಇಟ್ಟಂತೆ ಒತ್ತುತ್ತದೆ. ಒಳಗೂ ಹೊರಗೂ ಅಷ್ಟೇ ಒತ್ತಡ ಇರುವುದರಿಂದ ನಮಗೆ ತಿಳಿಯುವುದಿಲ್ಲ. 1650ರ ದಶಕದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್ ಊರಿನ ಮೇಯರ್ ಆಗಿದ್ದ ಆಟೊ ಫಾನ್ ಗೆರಿಕೆ ಎಂಬಾತ ಇದನ್ನು ಜನರಿಗೆ ತೋರಿಸಿದ. ಎರಡು ಲೋಹದ ಅರ್ಧಗೋಲಗಳನ್ನು ಬಟ್ಟಲಿನ ಮೇಲೆ ಬಟ್ಟಲು ಕವುಚಿದಂತೆ ಜೋಡಿಸಿ, ತಾನೇ ಮಾಡಿದ ಪಂಪಿನಿಂದ ಒಳಗಿನ ಗಾಳಿಯನ್ನು ಎಳೆದ. ಆಮೇಲೆ ಆ ಕಡೆ ಎಂಟು, ಈ ಕಡೆ ಎಂಟು ಕುದುರೆ ಕಟ್ಟಿ ಎಳೆಸಿದರೂ ಬಟ್ಟಲುಗಳು ಬಿಡಿಸಿಕೊಳ್ಳಲು ಒದ್ದಾಡಿದವು. ಒಳಕ್ಕೆ ಗಾಳಿ ಬಿಟ್ಟರೆ ಮಾತ್ರ ತಾವಾಗಿಯೇ ಬೇರೆಯಾದವು. ಗಾಳಿ ಇಲ್ಲದ ಆ ಸ್ಥಿತಿಗೆ ನಿರ್ವಾತ, ಅಂದರೆ ವ್ಯಾಕ್ಯೂಮ್, ಎಂದು ಹೆಸರು.

ಕಾರಿನ ಎಂಜಿನ್ನೂ ಒಂದು ರೀತಿಯ ಪಂಪು. ಪಿಸ್ಟನ್ನು ಕೆಳಗಿಳಿದಾಗ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಆ ದಾರಿಯಲ್ಲಿ ಥ್ರಾಟಲ್ ಎಂಬ ಪುಟ್ಟ ಬಾಗಿಲಿದೆ. ನಾವು ಆಕ್ಸಿಲರೇಟರ್ ತುಳಿದರೆ ಅದು ತೆರೆಯುತ್ತದೆ, ಕಾಲು ತೆಗೆದರೆ ಮುಚ್ಚಿಕೊಳ್ಳುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಬಾಗಿಲು ಬಹುಪಾಲು ಮುಚ್ಚಿರುತ್ತದೆ, ಪಿಸ್ಟನ್ನು ಮಾತ್ರ ಎಳೆಯುತ್ತಲೇ ಇರುತ್ತದೆ. ಬಾಗಿಲ ಈಚೆಗಿರುವ ಮ್ಯಾನಿಫೋಲ್ಡ್ ಎಂಬ ಕೊಳವೆಯಲ್ಲಿ ಹೀಗೆ ಅರೆ ನಿರ್ವಾತ ಉಂಟಾಗುತ್ತದೆ. ಈ ಎಳೆತ ಬಿಟ್ಟಿ ಸಿಗುವ ಶಕ್ತಿಯಲ್ಲವೇ? ಅದಕ್ಕೇ ಎಂಜಿನಿಯರುಗಳು ಅಲ್ಲಿಂದ ಸಣ್ಣ ಸಣ್ಣ ರಬ್ಬರ್ ಹೋಸುಗಳನ್ನು ಹೊರಡಿಸಿ ಅನೇಕ ಕೆಲಸಗಳನ್ನು ಮಾಡಿಸಿಕೊಳ್ಳುತ್ತಾರೆ. ಬ್ರೇಕ್ ತುಳಿಯಲು ನೆರವಾಗುವ ಬೂಸ್ಟರಿಗೆ ಒಂದು, ಏಸಿ ಹಾಕಿದಾಗ ಎಂಜಿನ್ನು ಕುಗ್ಗದಂತೆ ನೋಡಿಕೊಳ್ಳುವ ಸಾಧನಕ್ಕೆ ಒಂದು, ಹೀಗೆ.

ಈ ಹೋಸುಗಳಲ್ಲಿ ಒಂದು ಸೀಳಿದರೆ ಏನಾಗುತ್ತದೆ? ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಹಿಂಬಾಗಿಲಿನಿಂದ ಒಳಗೆ ನುಗ್ಗುತ್ತದೆ. ಪೆಟ್ರೋಲು ಪೂರ್ತಿಯಾಗಿ ಉರಿಯಲು ಅದರ ತೂಕದ ಸುಮಾರು 15 ಪಾಲು ಗಾಳಿ ಬೇಕು. ಗಾಳಿ ಇನ್ನೂ ಜಾಸ್ತಿಯಾದರೆ ಮಿಶ್ರಣ ನೀರು ಹೆಚ್ಚಾದ ಸಾರಿನ ಹಾಗೆ ತೆಳ್ಳಗಾಗುತ್ತದೆ. ಕಿಡಿ ಹತ್ತಿದರೂ ಒಮ್ಮೆ ಉರಿಯುತ್ತದೆ, ಒಮ್ಮೆ ಉರಿಯುವುದಿಲ್ಲ. ನಿಂತಿರುವಾಗ ಎಂಜಿನ್ನು ನಿಮಿಷಕ್ಕೆ ಸುಮಾರು 900 ಸುತ್ತು, ಅಂದರೆ ಸೆಕೆಂಡಿಗೆ 15 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಸಿಲಿಂಡರಿನಲ್ಲೂ ಎರಡು ಸುತ್ತಿಗೆ ಒಂದು ಸಲ ಬೆಂಕಿ ಹತ್ತಬೇಕು. ಹಾಗಾದರೆ ಮೂರು ಸಿಲಿಂಡರಿಗೆ ಸೇರಿ ಸೆಕೆಂಡಿಗೆ ಎಷ್ಟು ಸಲ? ಮಕ್ಕಳೇ, ಕೂಡಿ ನೋಡಿ. ಇಪ್ಪತ್ತೆರಡೂವರೆ! ಅದರಲ್ಲಿ ಕೆಲವು ತಪ್ಪಿದರೆ ಕಾರು ನಡುಗದೆ ಇನ್ನೇನು ಮಾಡೀತು?

ಹಾಗಾದರೆ ಓಡುವಾಗ ಯಾಕೆ ನಡುಗುವುದಿಲ್ಲ? ದಿನಕ್ಕೆ ನೂರು ರೂಪಾಯಿ ವ್ಯಾಪಾರದ ಅಂಗಡಿಯಲ್ಲಿ ಹತ್ತು ರೂಪಾಯಿ ಸೋರಿದರೆ ಸಂಜೆಗೇ ತಿಳಿಯುತ್ತದೆ. ಹತ್ತು ಸಾವಿರದ ಅಂಗಡಿಯಲ್ಲಿ ಅದೇ ಹತ್ತು ರೂಪಾಯಿ ಸೋರಿದರೆ ಯಾರ ಗಮನಕ್ಕೂ ಬರುವುದಿಲ್ಲ. ಬಾಗಿಲು ತೆರೆದು ರಾಶಿ ರಾಶಿ ಗಾಳಿ ಬರುವಾಗ ಸಣ್ಣ ಸೋರಿಕೆ ಲೆಕ್ಕಕ್ಕೇ ಇಲ್ಲ.

ಇದೆಲ್ಲ ನನಗೆ ಆಗ ಹೊಳೆದಿರಲಿಲ್ಲ. ಒಂದು ಸುಳಿವು ಮಾತ್ರ ಸಿಕ್ಕಿತ್ತು. ಬಿಸಿಯಾಗಿ ನಡುಗುತ್ತಿದ್ದಾಗ ಚೋಕನ್ನು ಸ್ವಲ್ಪ ಎಳೆದರೆ ಎಂಜಿನ್ನು ಸುಧಾರಿಸಿಕೊಳ್ಳುತ್ತಿತ್ತು. ಚೋಕ್ ಎಳೆದರೆ ಗಾಳಿಗೆ ಹೆಚ್ಚು ಪೆಟ್ರೋಲು ಬೆರೆಯುತ್ತದೆ. ಆದ್ದರಿಂದ ಪೆಟ್ರೋಲು ಸಾಲುತ್ತಿಲ್ಲ, ಹುಡುಗ ಕಾರ್ಬುರೇಟರನ್ನು ಸರಿಯಾಗಿ ತೊಳೆದಿಲ್ಲ ಎಂದು ತೀರ್ಮಾನಿಸಿದೆ. ಬಿಕಾಂ ಓದಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೆಡ್ಜರ್ ಬರೆದವನು ಮಾಡಬಾರದ ತಪ್ಪು ಇದು. ಪ್ರತಿ ಖಾತೆಗೂ ಎರಡು ಬದಿ ಇರುತ್ತದೆ. ತಾಳೆ ಬರದಿದ್ದರೆ ಜಮೆ ಕಡಿಮೆಯಾಗಿರಬಹುದು, ಇಲ್ಲವೇ ಖರ್ಚು ಹೆಚ್ಚಾಗಿರಬಹುದು. ಪೆಟ್ರೋಲು ಕಡಿಮೆಯೋ ಗಾಳಿ ಜಾಸ್ತಿಯೋ ಎಂದು ಕೇಳದೆ, ನಾನು ಒಂದೇ ಬದಿ ನೋಡಿದ್ದೆ.

ಆ ಭಾನುವಾರ ಪುಟ್ಟಿಯನ್ನು ಎಳನೀರು ಕುಡಿಸಲು ಕರೆದುಕೊಂಡು ಹೋಗಿದ್ದೆ. ಈಗ ಕೊಡುವುದು ಕಾಗದದ ಸ್ಟ್ರಾ ತಾನೇ? ಅರ್ಧ ಕುಡಿಯುವಷ್ಟರಲ್ಲಿ ಅವಳ ಕೆನ್ನೆ ಒಳಕ್ಕೆ ಹೋಯಿತು, ಕಣ್ಣು ಅಗಲವಾಯಿತು. ಎಳೆದೇ ಎಳೆದಳು, ಬರೀ ಸುರ್ ಸುರ್ ಸದ್ದು.

"ತಾತ, ಎಳನೀರು ಖಾಲಿ."

ಕಾಯಿ ಅಲ್ಲಾಡಿಸಿದೆ. ಒಳಗೆ ನೀರಿತ್ತು.

ಅವಳು ಸ್ಟ್ರಾ ಹೊರಗೆ ತೆಗೆದು ನೋಡಿ, "ಓ, ಇಲ್ಲಿ ಬಿಟ್ಕೊಂಡಿದೆ ತಾತ. ಅದಕ್ಕೇ ಬರೀ ಗಾಳಿ ಬರ್ತಿದೆ" ಅಂದು, ಸೀಳಿದ ಕಡೆ ಬೆರಳಿಟ್ಟು ಒತ್ತಿ ಹಿಡಿದು ಮತ್ತೆ ಎಳೆದಳು. ನೀರು ಸರಾಗವಾಗಿ ಬಂತು.

ನಾನು ಎಳನೀರಿನವನಿಗೆ ದುಡ್ಡು ಕೊಟ್ಟೆನೋ ಇಲ್ಲವೋ ಎಂದು ಅವನೇ ನೆನಪಿಸಬೇಕಾಯಿತು.

ಮನೆಗೆ ಬಂದು ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಂದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನು ಓಡಿಸಬಾರದು, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಿರುತ್ತದೆ. ಗೇರ್ ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಪೂರ್ತಿ ಬಿಸಿಯಾಗುವ ತನಕ ಓಡಿಸಿದೆ. ಪುಟ್ಟಿಯನ್ನು ಜಗಲಿಯ ಮೇಲೆ ಕೂರಿಸಿ, ಅಲ್ಲಿಂದ ಇಳಿಯಕೂಡದು ಎಂದು ಹೇಳಿದೆ. ಫ್ಯಾನು, ಬೆಲ್ಟು ತಿರುಗುವ ಕಡೆ ಜಡೆ, ಶಾಲು, ಪಂಚೆಯ ತುದಿ ಯಾವುದೂ ಸುಳಿಯಬಾರದು. ನಾನೂ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡಿದ್ದೆ.

ಮೊದಲು ಕಿವಿಗೊಟ್ಟು ಕೇಳಿದೆ. ತೋಟಕ್ಕೆ ನೀರು ಬಿಡುವ ಪೈಪಿನ ಒಂದು ಮೊಳ ತುಂಡನ್ನು ಕಿವಿಗಿಟ್ಟುಕೊಂಡು, ಡಾಕ್ಟರ್ ಸ್ಟೆತಾಸ್ಕೋಪ್ ಇಡುವ ಹಾಗೆ ಇನ್ನೊಂದು ತುದಿಯನ್ನು ಹೋಸುಗಳ ಬಳಿ ಆಡಿಸಿದೆ. ಸೋರುವ ಕಡೆ 'ಸ್ಸ್' ಎಂಬ ಸದ್ದು ಬರಬೇಕು. ಎಪ್ಪತ್ತು ದಾಟಿದ ಕಿವಿ, ಏನೋ ಕೇಳಿದಂತಾಯಿತು, ಖಚಿತವಾಗಲಿಲ್ಲ.

ಆಮೇಲೆ ಪುಟ್ಟಿಯ ಉಪಾಯವನ್ನೇ ಮಾಡಿದೆ. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಒಂದೊಂದೇ ಹೋಸನ್ನು ಮ್ಯಾನಿಫೋಲ್ಡಿನ ಹತ್ತಿರ ಮೆಲ್ಲಗೆ ಅದುಮಿ ಹಿಡಿದು, ಬಿಟ್ಟು, ಮುಂದಿನದಕ್ಕೆ ಹೋದೆ. ಸೋರುವ ಹೋಸನ್ನು ಅದುಮಿದರೆ ಕಳ್ಳಗಾಳಿ ನಿಂತು ಎಂಜಿನ್ನಿನ ನಡಿಗೆ ಬದಲಾಗಲೇಬೇಕು. ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಬದಲಾಯಿತು ಎಂದು ತಿಳಿಯುವುದಿಲ್ಲ. ಮೊದಲನೆಯದು, ಬದಲಾವಣೆ ಇಲ್ಲ. ಎರಡನೆಯದು, ಇಲ್ಲ. ಮೂರನೆಯದನ್ನು ಅದುಮಿದೆ. ನಡುಕ ತಟ್ಟನೆ ನಿಂತಿತು! ನಾನು ಸ್ಕ್ರೂ ಏರಿಸಿಟ್ಟಿದ್ದರಿಂದ ಎಂಜಿನ್ನು ಜೋರಾಗಿ ಕೂಗತೊಡಗಿತು. "ಸಿಕ್ತಾ ತಾತ?" ಎಂದು ಪುಟ್ಟಿ ಜಗಲಿಯಿಂದಲೇ ಕುಣಿದಳು.

ಸಿಕ್ಕಿತು. ಎಂಜಿನ್ನು ಆರಿಸಿ ಕನ್ನಡಕ ಸರಿಮಾಡಿಕೊಂಡು ನೋಡಿದೆ. ಅದು ಏಸಿಯ ಸಾಧನಕ್ಕೆ ಹೋಗುವ ಹೋಸು. ಉಳಿದವೆಲ್ಲ ಕಪ್ಪು ರಬ್ಬರಿನವು, ಇದು ಮಾತ್ರ ಕಂದುಹಳದಿ ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಕೊಳವೆ. ತುದಿಯಲ್ಲಿ ಸಡಿಲವಾಗಿ ಉದ್ದಕ್ಕೆ ಸೀಳಿತ್ತು. ನೋಡಿದೊಡನೆ ನೆನಪಾಯಿತು. ಎರಡು ವರ್ಷದ ಹಿಂದೆ ಹಳೆಯ ಹೋಸು ಬಿರುಕು ಬಿಟ್ಟಿದ್ದಾಗ, ಇಷ್ಟು ಸಣ್ಣದಕ್ಕೆ ಅಂಗಡಿಗೆ ಯಾಕೆ ಹೋಗಬೇಕೆಂದು, ಮನೆಯ ಮೀನಿನ ತೊಟ್ಟಿಗೆ ಗಾಳಿ ಬಿಡುವ ಕೊಳವೆಯನ್ನು ಒಂದು ಗೇಣು ಕತ್ತರಿಸಿ ಹಾಕಿದವನು ನಾನೇ. ಅಂಥ ಪ್ಲಾಸ್ಟಿಕ್ಕು ಎಂಜಿನ್ನಿನ ಕಾವಿಗೆ ಮೆತ್ತಗಾಗಿ ಹಿಡಿತ ಬಿಡುತ್ತದೆ, ದಿನ ಕಳೆದಂತೆ ಒರಟಾಗಿ ಸೀಳುತ್ತದೆ. ತಣ್ಣಗಿದ್ದಾಗ ಬಿಗಿ, ಬಿಸಿಯಾದಾಗ ಸಡಿಲ. ಬೆಳಿಗ್ಗೆ ಗ್ಯಾರೇಜಿನಲ್ಲಿ ಚೆನ್ನಾಗಿದ್ದದ್ದೂ, ಸಿಗ್ನಲ್ಲಿನಲ್ಲಿ ಕೆಟ್ಟದ್ದೂ ಅದಕ್ಕೇ.

ಪುಟ್ಟಿ ಬಂದು ನೋಡಿ, ಮೀನಿನ ತೊಟ್ಟಿಯ ಕೊಳವೆಯನ್ನು ಗುರುತು ಹಿಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಗ್ಯಾರೇಜ್ ಅಣ್ಣ ತಪ್ಪು ಮಾಡಿರಲಿಲ್ಲ ಅಲ್ವಾ ತಾತ?" ಎಂದು ಕೇಳಿದಳು.

1979ರ ಒಂದು ಸಂಜೆ ನೆನಪಿಗೆ ಬಂತು. ನಮ್ಮ ಶಾಖೆಯಲ್ಲಿ ದಿನದ ಲೆಕ್ಕ 630 ರೂಪಾಯಿಗೆ ತಾಳೆ ಬರಲಿಲ್ಲ. ವ್ಯತ್ಯಾಸವನ್ನು 9ರಿಂದ ಶೇಷವಿಲ್ಲದೆ ಭಾಗಿಸಲು ಬಂದರೆ ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿರಬಹುದು ಎಂಬುದು ಗುಮಾಸ್ತರ ಹಳೆಯ ಸೂತ್ರ. ರಾತ್ರಿ ಎಂಟರವರೆಗೆ ಎಲ್ಲರ ಪುಸ್ತಕಗಳಲ್ಲಿ ಹುಡುಕಿದೆ. ಕೊನೆಗೆ ನನ್ನ ಪುಸ್ತಕದಲ್ಲಿಯೇ ಸಿಕ್ಕಿತು, 810 ಅನ್ನು 180 ಎಂದು ಬರೆದಿದ್ದೆ. ನಮ್ಮ ಹಿರಿಯ ಅಧಿಕಾರಿ ಬೈಯಲಿಲ್ಲ. "ನಾಳೆಯಿಂದ ಹುಡುಕೋದನ್ನ ನಿಮ್ಮ ಕೈಬರಹದಿಂದ ಶುರು ಮಾಡಿ" ಅಂದರು, ಅಷ್ಟೆ. ಆಗ ಕಲಿತದ್ದನ್ನು ಮರೆತಿದ್ದೆ.

ಬಿಡಿಭಾಗದ ಅಂಗಡಿಯಲ್ಲಿ ಅದೇ ಒಳಅಳತೆಯ, ಎಂಜಿನ್ನಿನ ಕಾವು ತಡೆಯುವ ವ್ಯಾಕ್ಯೂಮ್ ಹೋಸು ತಂದೆ. ಐವತ್ತು ರೂಪಾಯಿಯೂ ಆಗಲಿಲ್ಲ. ಹಾಕಿದ ಮೇಲೆ ಪುಟ್ಟಿಯನ್ನು ಕೂರಿಸಿಕೊಂಡು ಗ್ಯಾರೇಜಿಗೆ ಹೋದೆ. ಅವತ್ತಿನಂತೆಯೇ ಎರಡು ಮೂರು ಜನ ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಕಾಯೋಣವೆಂದು ಒಮ್ಮೆ ಅನ್ನಿಸಿತು. ಬೈದದ್ದು ಜನರ ಎದುರಿಗೆ, ಒಪ್ಪಿಕೊಳ್ಳುವುದು ಮಾತ್ರ ಗುಟ್ಟಾಗಿಯೇ? ಹತ್ತಿರ ಹೋಗಿ, "ಅವತ್ತು ನಾನು ಅಂದದ್ದು ತಪ್ಪಪ್ಪ. ಕೆಟ್ಟಿದ್ದು ನಾನು ಹಾಕಿದ ಪೈಪು" ಎಂದು ಕೊಳವೆಯನ್ನು ತೋರಿಸಿ, 400 ರೂಪಾಯಿ ಮುಂದಿಟ್ಟೆ.

ಹುಡುಗ ಗ್ರೀಸಿನ ಕೈ ಒರೆಸಿಕೊಂಡು ಕೊಳವೆಯನ್ನು ತಿರುಗಿಸಿ ನೋಡಿದ. "ಈ ಪೈಪಿನ ವಿಷ್ಯನೇ ಅವತ್ತು ಹೇಳೋಕೆ ಬಂದೆ ಸಾರ್. ನೀವು ಕೋಪದಲ್ಲಿದ್ರಿ. ನಾನೂ ಗಾಡಿ ಬಿಸಿ ಮಾಡಿ ನೋಡಬೇಕಿತ್ತು, ತಣ್ಣಗಿದ್ದಾಗಲೇ ಕೊಟ್ಬಿಟ್ಟೆ" ಅಂದ. ಆಮೇಲೆ ಬಾನೆಟ್ ಎತ್ತಿ, ನಾನು ಏರಿಸಿಟ್ಟಿದ್ದ ಸ್ಕ್ರೂವನ್ನು ಇಳಿಸಿ ಐಡ್ಲಿಂಗ್ ಸರಿಮಾಡಿದ. ಆ ಕೆಲಸಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಹಿಂದಿನ ಬಾಕಿಯನ್ನು ಎಣಿಸಿ ಜೇಬಿಗಿಟ್ಟುಕೊಂಡ. ಅದು ಅವನ ದುಡಿಮೆ.

ಅಜ್ಜ-ಅಜ್ಜಿಯರಿಗೆ ಒಂದು ಮುಖ್ಯ ಮಾತು. ಹೋಸು ಹಳತಾಗಿ ಕಾರು ನಡುಗಿದರೆ ಮುಜುಗರ ಅಷ್ಟೆ. ಆದರೆ ಸೋರುವುದು ಬ್ರೇಕ್ ಬೂಸ್ಟರಿನ ಹೋಸಾದರೆ ಅಪಾಯ. ಅದನ್ನು ನೀವೇ ಪರೀಕ್ಷಿಸಬಹುದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ನು ಆರಿಸಿ, ಬ್ರೇಕನ್ನು ನಾಲ್ಕೈದು ಸಲ ತುಳಿಯಿರಿ, ಪೆಡಲು ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲು ಕಾಲಡಿ ಸ್ವಲ್ಪ ಕೆಳಗಿಳಿದರೆ ಬೂಸ್ಟರು ಕೆಲಸ ಮಾಡುತ್ತಿದೆ. ಇಳಿಯದೆ ಗಟ್ಟಿಯಾಗಿಯೇ ಇದ್ದರೆ, ಅಥವಾ ಬ್ರೇಕ್ ತುಳಿದಾಗಲೆಲ್ಲ 'ಸ್ಸ್' ಎಂದು ಎಂಜಿನ್ನು ನಡುಗಿದರೆ, ಗಾಡಿ ಓಡಿಸಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಕಂಪ್ಯೂಟರ್ ಇರುವ ಹೊಸ ಕಾರುಗಳಲ್ಲಿ ಇಂಥ ಸೋರಿಕೆಯಿಂದ ಎಂಜಿನ್ ದೀಪ ಹತ್ತಿಕೊಳ್ಳಬಹುದು, ನಿಂತಲ್ಲೇ ಎಂಜಿನ್ನು ಜೋರಾಗಿ ತಿರುಗಲೂಬಹುದು. ಸೋರಿಕೆ ಹುಡುಕಲು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲನ್ನಾಗಲಿ, ಬೆಂಕಿ ಹತ್ತುವ ಸ್ಪ್ರೇಯನ್ನಾಗಲಿ ಎಂದೂ ಹಾಕಬೇಡಿ.

ಮಕ್ಕಳಿಗೆ ಈ ವಾರದ ಕೆಲಸ: ಎರಡು ಕಾಗದದ ಸ್ಟ್ರಾ ತೆಗೆದುಕೊಳ್ಳಿ. ಒಂದಕ್ಕೆ ಮೇಲ್ಭಾಗದಲ್ಲಿ, ನೀರಿಗೆ ಮುಳುಗದ ಕಡೆ, ಸೂಜಿಯಿಂದ ಒಂದು ತೂತು ಮಾಡಿ. ಎರಡರಿಂದಲೂ ನೀರು ಕುಡಿದು ನೋಡಿ. ಆಮೇಲೆ ತೂತುಗಳನ್ನು ಎರಡು, ಮೂರು ಎಂದು ಹೆಚ್ಚಿಸಿ, ಎಷ್ಟನೆಯದಕ್ಕೆ ನೀರು ಬರುವುದು ನಿಲ್ಲುತ್ತದೆ ಎಂದು ಬರೆದಿಡಿ. ಕೊನೆಗೆ ತೂತುಗಳ ಮೇಲೆ ಬೆರಳಿಟ್ಟು ಎಳೆಯಿರಿ. ಸೂಜಿ ಚುಚ್ಚುವ ಕೆಲಸ ಮನೆಯ ಹಿರಿಯರದು.

ಕಾರು ಈಗ ಚೆನ್ನಾಗಿದೆ. ಕಳೆದ ವಾರ ಮೂವರೂ ನಂಜನಗೂಡಿಗೆ ಹೋಗಿಬಂದೆವು. ರಾಮಸ್ವಾಮಿ ಸರ್ಕಲ್ಲಿನ ಕೆಂಪು ದೀಪದಲ್ಲಿ ನಿಂತಾಗ ನಮ್ಮ ಮನೆಯವರು, "ಏನ್ರೀ, ಮತ್ತೆ ಆಫ್ ಆಯ್ತಾ?" ಎಂದು ಕೇಳಿದರು. ಆಫ್ ಆಗಿರಲಿಲ್ಲ, ಸದ್ದೇ ಇಲ್ಲದೆ ಓಡುತ್ತಿತ್ತು. ಗಣಪ ಅಲ್ಲಾಡದೆ ಕೂತಿದ್ದ. ಆ ಸೀಳಿದ ಕೊಳವೆಯ ತುಂಡನ್ನು ಪುಟ್ಟಿ ನನ್ನ ಪೆನ್ನಿನ ಡಬ್ಬಿಯಲ್ಲಿ ನಿಲ್ಲಿಸಿ ಹೋಗಿದ್ದಾಳೆ. ಬರೆಯಲು ಕೂತಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಅಲ್ಲೇ ಇರಲಿ ಎಂದು ಬಿಟ್ಟಿದ್ದೇನೆ.

ಮುಂದಿನ ವಾರ ಮತ್ತೆ ಸಿಗೋಣ.

ನಿಮ್ಮ ತಾತ